ಹನ್ನೆರಡನೇ ಪುಟದ ಅಳು

"ಈ ವರ್ಷ ಪಿಯಾನೊ ಕನ್ಸರ್ಟೊ ನುಡಿಸಿಯೇ ತೀರ್ತೀನಿ!" ಎಂದು ನಾನು ಘೋಷಿಸಿದಾಗ ಇವರು ಮಗುವಿನ ಬಟ್ಟೆ ಮಡಿಸುತ್ತಿದ್ದರು.

"ಅಂದ್ರೆ?"

"ನಾನೊಬ್ಬಳು ಒಂದು ಕಡೆ, ಮೂವತ್ತು ಜನರ ವಾದ್ಯವೃಂದ ಇನ್ನೊಂದು ಕಡೆ!"

"ಯಾಕೆ, ನನ್ನೊಬ್ಬನ ಜೊತೆ ಜಗಳ ಆಡಿ ಬೇಜಾರಾಯ್ತಾ?"

ಸಂಗೀತ ಶಾಲೆಯ ವಾರ್ಷಿಕ ಕಾರ್ಯಕ್ರಮದಲ್ಲಿ ಇದನ್ನು ನುಡಿಸಿ ಗೆದ್ದರಷ್ಟೇ ನನಗೆ ಮುಂದಿನ ತರಗತಿ. ಅಭ್ಯಾಸಕ್ಕೆ ಸಿಗುತ್ತಿದ್ದದ್ದು ಐದು ತಿಂಗಳ ಪುಟ್ಟಿ ಮಧ್ಯಾಹ್ನ ಮಲಗಿದ ಹೊತ್ತು ಮಾತ್ರ. ಕಳ್ಳಿಯಂತೆ ಮೆಲ್ಲಗೆ ಶುರು ಮಾಡುತ್ತಿದ್ದೆ. ಆದರೆ ಹನ್ನೆರಡನೇ ಪುಟದಲ್ಲಿ ಎರಡೂ ಕೈ ಸೇರಿಸಿ ಗುಡುಗಲೇಬೇಕು. ಗುಡುಗಿದೆನೋ, ಒಳಗಿನಿಂದ "ವ್ಯಾ!" ಓಡಿದೆ, ಎತ್ತಿಕೊಂಡೆ, ತಟ್ಟಿ ಮಲಗಿಸಿದೆ, ಬಂದು ಹದಿಮೂರನೇ ಪುಟ ಹಿಡಿದೆ. ಮೂರು ತಿಂಗಳು, ಒಂದು ದಿನವೂ ತಪ್ಪದ ಸಾಧನೆ!

ಕಾರ್ಯಕ್ರಮದ ದಿನ ಸಭಾಂಗಣದ ಮೂರನೇ ಸಾಲಿನಲ್ಲಿ ಕೂತ ಅತ್ತೆಯ ಮಡಿಲಿಗೆ ಪುಟ್ಟಿಯನ್ನು ಹಾಕಿದೆ. "ಅತ್ತೆ, ಬಾಟಲಿ ನೀಲಿ ಚೀಲದಲ್ಲಿದೆ. ಅತ್ತರೆ ಹೊರಗೆ ಕರ್ಕೊಂಡು ಹೋಗಿ. ಅಳದಿದ್ರೆ ಉಸಿರಾಡ್ತಿದ್ದಾಳಾ ನೋಡಿ!"

"ನಿನ್ನ ಗಂಡನನ್ನ ಸಾಕಿದ್ದೂ ನಾನೇ ಕಣೇ, ಹೋಗು."

ಹೋದೆ. ನುಡಿಸಿದೆ. ಅಬ್ಬಾ, ನನ್ನ ಬೆರಳುಗಳಿಗೆ ನಾನೇ ಮರುಳಾದೆ! ಹನ್ನೆರಡನೇ ಪುಟ ಬಂತು, ಗುಡುಗಿದೆ. ಅಲ್ಲಿಂದ ಮುಂದೆ ನಾನೊಬ್ಬಳೇ ನುಡಿಸಬೇಕು. ಮೂವತ್ತು ವಾದ್ಯಗಳೂ ಬಾಯಿ ಮುಚ್ಚಿ ಕಾಯತೊಡಗಿದವು. ನಾನೋ, ಎದ್ದು ನಾಲ್ಕು ಹೆಜ್ಜೆ ಹಾಕಿಬಿಟ್ಟಿದ್ದೆ!

ವಾದ್ಯವೃಂದ ನಡೆಸುವ ಕೋಲು ಎತ್ತಿ ನಿಂತಿದ್ದ ನಮ್ಮ ಮೇಷ್ಟ್ರು ಪಿಸುಗುಟ್ಟಿದರು, "ಎಲ್ಲಿಗಮ್ಮಾ?"

"ಮಗು, ಸಾರ್..."

"ಯಾವ ಮಗು? ಯಾರೂ ಅಳ್ತಾನೇ ಇಲ್ವಲ್ಲ!"

"ಅದೇ ಸಾರ್ ತೊಂದರೆ!"

ಓಡಿಬಂದು ಕೂತೆ. ಹದಿಮೂರನೇ ಪುಟ ನೆನಪಿಗೆ ಬಂದರೆ ತಾನೇ! ಅಳು ಕೇಳದೆ ಮೇಲೇಳುವುದಿಲ್ಲವೆಂದು ಬೆರಳುಗಳು ಹಟ ಹಿಡಿದು ಕೂತಿದ್ದವು. ಮುಂದಿನ ತರಗತಿ ನನ್ನ ಕಣ್ಣೆದುರೇ ಬಾಗಿಲು ಮುಚ್ಚುತ್ತಿತ್ತು. ಅಷ್ಟರಲ್ಲಿ ಮೂರನೇ ಸಾಲಿನಿಂದ "ವ್ಯಾ!"

ನನ್ನ ಬೆರಳುಗಳು ಕುದುರೆಯಂತೆ ಕೆನೆದು ಓಡಿದವು. ಕೊನೆಯ ಸ್ವರಕ್ಕೆ ಸಭಾಂಗಣವೇ ಎದ್ದು ನಿಂತಿತು. "ಪಾಸು. ಮುಂದಿನ ಸಲ ಕೂತಲ್ಲೇ ಕೂತಿರು," ಎಂದರು ಮೇಷ್ಟ್ರು.

ನಾನು ಬೀಗುತ್ತ ಪುಟ್ಟಿಯನ್ನು ಎತ್ತಿಕೊಂಡೆ. "ನೋಡಿದ್ರಾ ಅತ್ತೆ! ಎಂಟೇ ತಿಂಗಳಿಗೆ ಎಂಥ ಸಂಗೀತಜ್ಞಾನ! ನನ್ನ ಮಗಳಲ್ವಾ!"

"ಜ್ಞಾನ ಎಲ್ಲಿಂದ ಬಂತು? ಗೊರಕೆ ಹೊಡೀತಿತ್ತು," ಎಂದರು ಅತ್ತೆ, ನೀಲಿ ಚೀಲ ಹೆಗಲಿಗೇರಿಸುತ್ತ. "ನಾನೇ ಒಂದ್ಸಲ ಮೆತ್ತಗೆ ಚಿವುಟಿದೆ. ಮೂರು ತಿಂಗಳಿಂದ ಕೇಳ್ತಿದ್ದೀನಿ, ಅಲ್ಲಿ ಅಳು ಬರಬೇಕು ಅಂತ ನನಗೆ ಗೊತ್ತಿಲ್ವಾ?"