ಛತ್ರದ ಆ್ಯಪೂ ನಮ್ಮ ಬಾಸಿನ ಸಿನಿಮಾ ಪಾಠಗಳೂ

ನಮ್ಮ ಆಫೀಸಲ್ಲಿ ಯಾವುದೂ ತಾನಾಗೇ ಕೆಡಲ್ಲ. ನಮ್ಮ ಬಾಸ್ ಒಂದು ಸಿನಿಮಾ ನೋಡ್ಕೊಂಡು ಬರಬೇಕು, ಇಲ್ಲ ಒಂದು ಪತ್ತೇದಾರಿ ಕಾದಂಬರಿ ಹಿಡ್ಕೊಂಡು ಕೂರಬೇಕು, ಆಮೇಲೇ ಕೆಡೋದು.

ಆಫೀಸು ಹಾಸನದಲ್ಲಿ, ಒಂದು ಬೇಕರಿ ಮೇಲೆ. ಮದುವೆ ಛತ್ರ ಬುಕ್ ಮಾಡೋ ಆ್ಯಪು ಮಾಡ್ತಿದ್ವಿ. ನಾನು ಟೆಸ್ಟರ್. ಅಂದ್ರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳೋಳು. ನಮ್ಮಜ್ಜಿ ಈ ಕೆಲಸಾನ ಜೀವಮಾನವೆಲ್ಲ ಪುಕ್ಕಟೆ ಮಾಡಿದ್ಲು. ಸೇರಿ ವರ್ಷ ಕಳೆದ್ರೂ ನನ್ನನ್ನ ಪ್ರೊಬೇಷನ್ನಲ್ಲೇ ಇಟ್ಟಿದ್ರು. ಚನ್ನರಾಯಪಟ್ಟಣದ ದೊಡ್ಡ ಛತ್ರದ ಯಜಮಾನರು ಆ್ಯಪ್ ಒಪ್ಪಿದ್ರೆ ಕೆಲಸ ಕಾಯಂ, ಒಪ್ಪದಿದ್ರೆ ಮನೆಗೆ ಅಂತ ಬಾಸ್ ಹೇಳಿಬಿಟ್ಟಿದ್ರು.

ದಿನಾ ಸಾಯಂಕಾಲ ಬಸ್ಸಿಳಿದು ಹೊಳೆನರಸೀಪುರದ ಮನೆ ಬಾಗಿಲಲ್ಲಿ ಚಪ್ಪಲಿ ಬಿಡೋಕ್ಕೆ ಮುಂಚೆನೇ ಅಮ್ಮ ಕೇಳೋಳು, "ಕಾಯಂ ಆಯ್ತೇನೇ?"

"ಇಲ್ಲಮ್ಮ, ಸಾರ್ ಸಿನಿಮಾಗೆ ಹೋಗಿದ್ರು."

ಅಷ್ಟು ಹೇಳಿದ್ರೆ ಅವಳಿಗೆ ಎಲ್ಲಾ ಅರ್ಥ ಆಗೋದು.

ಹೀರೋ ಬೀಳೋ ಹಾಗಿಲ್ಲ

ಒಂದು ಸೋಮವಾರ ಬಾಸ್ ಬಂದೋರೇ ಬೋರ್ಡ್ ಮೇಲೆ ಬರೆದ್ರು: "ಆ್ಯಪ್ ಹೀರೋ ಇದ್ದ ಹಾಗೆ." ಹಿಂದಿನ ದಿನ ನೋಡಿದ ಸಿನಿಮಾದಲ್ಲಿ ಹೀರೋ ಒಬ್ಬನೇ ಲಾರಿ ತುಂಬ ರೌಡಿಗಳನ್ನ ಬಡಿದು, ಬಾಚಿದ ಕ್ರಾಪೂ ಕೆಡದ ಹಾಗೆ ನಡ್ಕೊಂಡು ಹೋದನಂತೆ.

"ಯಾರೆಷ್ಟು ಹೊಡೆದ್ರೂ ನಮ್ಮ ಆ್ಯಪು ಬೀಳಬಾರ್ದು. ನೀನೇ ಹೊಡೆದು ನೋಡಮ್ಮ" ಅಂದ್ರು.

ನಾನು ಅಷ್ಟು ದೂರ ಹೋಗ್ಲೇ ಇಲ್ಲ. 'ಬುಕ್ ಮಾಡಿ' ಅನ್ನೋ ಬಟನ್ನನ್ನ ಆತುರದ ಹೆಣ್ಣಿನಪ್ಪ ಒತ್ತೋ ಹಾಗೆ ಪಟಪಟ ಅಂತ ಮೂರು ಸಲ ಒತ್ತಿದೆ. ಪರದೆ ಬೆಳ್ಳಗಾಗಿ ಹೀರೋ ಅಂಗಾತ ಮಲಗಿಬಿಟ್ಟ.

ಬಾಸಿಗೆ ಸಿಟ್ಟು ಬಂತು. "ಅಲ್ಲಮ್ಮಾ, ಒಂದ್ ಸಲ ಒತ್ತಿದ್ರೆ ಸಾಲ್ದಾ? ನೀನು ನಮ್ಮ ಕಡೆಯೋಳೋ, ವಿಲನ್ ಕಡೆಯೋಳೋ?"

ಕೊನೇ ಪುಟ ಮೊದಲು

ಪತ್ತೇದಾರಿ ಕಾದಂಬರಿ ಓದೋದರಲ್ಲೂ ನಮ್ಮ ಬಾಸಿನ ದಾರಿನೇ ಬೇರೆ. ಮೊದಲು ಕೊನೇ ಪುಟ. ಕೊಲೆ ಮಾಡಿದ್ಯಾರು ಅಂತ ಗೊತ್ತಾದ ಮೇಲೆ ಪುಸ್ತಕ ಮುಚ್ಚಿ, "ಬಲು ಚೆನ್ನಾಗಿ ಬರ್ದಿದಾನೆ" ಅಂತಾರೆ.

"ಟೆಸ್ಟಿಂಗೂ ಹಂಗೇ ಮಾಡು. ಕೊನೇಲಿ 'ಬುಕಿಂಗ್ ಆಯ್ತು' ಅಂತ ಬರ್ತದಾ ನೋಡು. ಬಂದ್ರೆ ಮುಗೀತು. ನಡುವೆ ಇರೋದೆಲ್ಲ ಬರೀ ಪುಟ ತುಂಬ್ಸೋದು."

ಆಯ್ತು ಅಂತ ನಡುವೆ ಏನೂ ತುಂಬದೆ ಒತ್ತಿದೆ. ವರನ ಹೆಸರು ಖಾಲಿ, ವಧುವಿನ ಹೆಸರು ಖಾಲಿ, ತಾರೀಖೂ ಇಲ್ಲ. "ಬುಕಿಂಗ್ ಆಯ್ತು. ದಂಪತಿಗೆ ಶುಭಾಶಯ" ಅಂತ ಹೂವಿನ ಚಿತ್ರದ ಸಮೇತ ಬಂತು.

"ಸಾರ್, ಗಂಡಿಲ್ಲ, ಹೆಣ್ಣಿಲ್ಲ, ಮದುವೆ ಆಗ್ಬಿಡ್ತು" ಅಂದೆ.

ಬಾಸ್ ಪುಸ್ತಕದಿಂದ ತಲೆ ಎತ್ತಲಿಲ್ಲ. "ಜಗಳಾನೂ ಇಲ್ಲ ಬಿಡು" ಅಂದ್ರು.

ಪೊಲೀಸರು ಬರೋದು ಯಾವಾಗ

ಆ್ಯಪಿನ ಕೋಡ್ ಬರೆಯೋನು ಅರಕಲಗೂಡಿನವನು. ಒಳ್ಳೇ ಮನುಷ್ಯ, ಆದ್ರೆ ತಪ್ಪು ತೋರಿಸಿದ್ರೆ ಅವನ ಮಗೂನ ಚಿವುಟಿದ ಹಾಗೆ ಮುಖ ಮಾಡ್ತಾನೆ. "ನನ್ ಲ್ಯಾಪ್‌ಟಾಪಲ್ಲಿ ನೆಟ್ಟಗೆ ಓಡ್ತದೆ ಕಣಕ್ಕ" ಅನ್ನೋದು ಅವನ ಒಂದೇ ಉತ್ತರ.

"ಹಂಗಾದ್ರೆ ಛತ್ರದ ಯಜಮಾನ್ರಿಗೆ ಆ ಲ್ಯಾಪ್‌ಟಾಪೇ ಕೊಟ್ ಬಾರಪ್ಪ" ಅಂದೆ. ಎರಡು ದಿನ ಮಾತು ಬಿಟ್ಟ.

ಕೊನೆಗೆ ಅವನು ತಪ್ಪು ತಿದ್ದಿದ ಆ್ಯಪನ್ನ ನನ್ನ ಕೈಗೆ ಕೊಟ್ಟಿದ್ದು ಚನ್ನರಾಯಪಟ್ಟಣದ ಛತ್ರದಲ್ಲಿ ಇಟ್ಕೊಂಡಿದ್ದ ಉದ್ಘಾಟನೆಯ ಹಿಂದಿನ ಸಂಜೆ. ನಾನು ಬಾಸ್ ಹತ್ರ ಹೋಗಿ, "ಇಷ್ಟು ತಡವಾಗಿ ಕೊಟ್ರೆ ಹೆಂಗೆ ಸಾರ್ ನೋಡೋದು?" ಅಂತ ಗೋಗರೆದೆ.

"ಸಿನಿಮಾದಲ್ಲಿ ಪೊಲೀಸ್ರು ಯಾವಾಗ ಬರ್ತಾರೆ? ಕೊನೇಲಿ ತಾನೇ? ಟೆಸ್ಟರೂ ಹಂಗೇ."

"ಅಷ್ಟೊತ್ತಿಗೆ ಹೊಡೆದಾಟ ಮುಗ್ದು ಹೆಣ ಬಿದ್ದಿರ್ತದಲ್ಲ ಸಾರ್. ನಾನೇನ್ ಮಾಡ್ಲಿ?"

"ಪಂಚನಾಮೆ ಮಾಡು."

ವಿಲನ್ನಿನ ಮದುವೆ

ಆ್ಯಪಲ್ಲಿ ನಾವು ಪರೀಕ್ಷೆಗೆ ಅಂತ ಹಾಕಿದ್ದ ಸುಳ್ಳು ಬುಕಿಂಗುಗಳು ತುಂಬಿದ್ವು. ವರನ ಹೆಸರು ವಿಲನ್, ವಧುವಿನ ಹೆಸರು ಹೀರೋಯಿನ್ ಅಂತ ಬಾಸೇ ಕೂತು ಹಾಕಿದ್ದು. "ಉದ್ಘಾಟನೆಗೆ ಮುಂಚೆ ಇವನ್ನೆಲ್ಲ ಅಳಿಸಿಬಿಡೋಣ ಸಾರ್" ಅಂದೆ.

"ಹೌಸ್‌ಫುಲ್ ಬೋರ್ಡ್ ನೋಡಿದ್ರೇನೇ ಜನ ಥಿಯೇಟರಿಗೆ ಬರೋದು. ಒಳ್ಳೊಳ್ಳೆ ಲಗ್ನದ ದಿನಗಳೆಲ್ಲ ತುಂಬಿರ್ಲಿ. ಇರ್ಲಿ ಬಿಡು" ಅಂದ್ರು.

ಚನ್ನರಾಯಪಟ್ಟಣದ ಛತ್ರದಲ್ಲಿ ದೊಡ್ಡ ಪರದೆ ಕಟ್ಟಿ, ಊರಿನ ಹಿರೀಕರನ್ನೆಲ್ಲ ಕೂರಿಸಿದ್ರು. ಮುಂದಿನ ಸಾಲಲ್ಲಿ ಬಾಸಿನ ಹೆಂಡತಿ. ಕಂಪನಿ ಇರೋದು ಆ ಅಮ್ಮನ ಹೆಸರಲ್ಲೇ. ಛತ್ರದ ಯಜಮಾನರು ಎದ್ದು, "ಮೊದಲ್ನೇ ಬುಕಿಂಗು ನನ್ ಮಗ್ಳುದೇ ಆಗ್ಲಿ" ಅಂತ ಜೋಯಿಸರು ಕೊಟ್ಟಿದ್ದ ತಾರೀಖು ಹೇಳಿದ್ರು. ನಾನು ಒತ್ತಿದೆ.

ಪರದೆ ಮೇಲೆ ಬಂತು: "ಕ್ಷಮಿಸಿ, ಅಂದು ಛತ್ರ ಖಾಲಿ ಇಲ್ಲ. ವರ: ವಿಲನ್."

"ಛತ್ರ ನಂದು, ಮಗ್ಳು ನಂದು, ನಂಗೇ ಜಾಗ ಇಲ್ವಾ? ಯಾವನ್ಲಾ ಅವ್ನು ವಿಲನ್ನು?"

ಬಾಸ್ ಬೆವರು ಒರೆಸ್ಕೊಂಡ್ರು. "ಅದು ದೊಡ್ಡ ಪಾರ್ಟಿ ಸಾರ್. ಬೇರೆ ದಿನ ನೋಡ್ಬಹುದಲ್ಲ."

"ಬ್ಯಾರೆ ದಿನ ನೋಡಕ್ಕೆ ಇದೇನ್ ಪಿಕ್ಚರ್ರಾ? ಲಗ್ನ ಕಣ್ರೀ. ತೆಗೀರಿ ಅವ್ನ."

ಕೆಲಸ ಹೋಯ್ತು ಅಂತಲೇ ಲೆಕ್ಕ ಹಾಕ್ಕೊಂಡು ಕ್ಯಾನ್ಸಲ್ ಒತ್ತಿದೆ. "ವರನ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ" ಅಂತ ಬಂತು. ಬಾಸಿನ ಜೇಬು ಟಿಣ್ ಅಂತು. ಸುಳ್ಳು ಬುಕಿಂಗಿಗೆ ಪುಣ್ಯಾತ್ಮ ತಮ್ಮದೇ ನಂಬರು ಹಾಕಿದ್ರು.

ಯಜಮಾನರು ಅವರನ್ನ ಮೇಲಿಂದ ಕೆಳಗಿನವರೆಗೂ ನೋಡಿ, "ಓ, ಗಂಡು ನೀವೇಯಾ?" ಅಂದ್ರು.

ಬಾಸಿನ ಹೆಂಡತಿ ಎದ್ದು ಬಂದು, ಗಂಡನ ಜೇಬಿಂದ ಫೋನ್ ತೆಗೆದು, ಓಟಿಪೀನ ಒಂದೊಂದೇ ಅಂಕಿ ಓದಿ, "ಹೊಡಿಯಮ್ಮ" ಅಂದ್ರು. ಹೊಡೆದೆ. ಮದುವೆ ಮುರೀತು.

"ಇದ್ನ ಪರೀಕ್ಸೆ ಮಾಡ್ದೋರ್ಯಾರು?" ಯಜಮಾನರು ಕೇಳಿದ್ರು. ಬಾಸ್ ಒಂದು ಗಳಿಗೆಯೂ ತಡಮಾಡದೆ ನನ್ನ ಕಡೆ ಕೈ ತೋರಿಸಿದ್ರು.

"ನಾನೇ ಸಾರ್. ನೆನ್ನೆ ಸಂಜೆ ಈ ಓಟಿಪಿ ಒಂದನ್ನ ನೋಡೋಕ್ಕೆ ಟೈಮ್ ಕೊಟ್ರು. ಅದು ಸರಿಯಾಗಿ ಬಂತಲ್ಲ?"

ಯಜಮಾನರು ಹೊಟ್ಟೆ ಕುಣಿಯೋ ಹಾಗೆ ನಕ್ಕರು. "ಬಂತು ಕಣವ್ವ, ಸರ್ಯಾಗ್ ಓಗ್ಬೇಕಾದ್ ತಾವ್ಕೇ ಓಯ್ತು. ಮಿಕ್ಕಿದ್ದೂ ನೀನೇ ನೋಡ್ಕೊಡು, ಆಮ್ಯಾಕೆ ತಗೋತೀನಿ."

ಹಾಸನಕ್ಕೆ ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಲ್ಲಿ ಬಾಸಿನ ಹೆಂಡತಿ ನನ್ನ ಪಕ್ಕ ಕೂತ್ರು. ಯಜಮಾನರು ಆ್ಯಪ್ ಒಪ್ಪಿದ ಹಾಗೋ ಇಲ್ವೋ, ನನ್ನ ಗತಿ ಏನೋ ಅಂತ ನಾನು ಲೆಕ್ಕ ಹಾಕ್ತಿದ್ದೆ. ಆಮೇಲೆ ಅವರು ನನ್ನ ಕಡೆ ತಿರುಗಿದ್ರು.

"ನಾಳೆಯಿಂದ ನೀನು ಕಾಯಂ ಕಣಮ್ಮ" ಅಂದ್ರು. ನನಗೆ ಅಳೂ ನಗೂ ಒಟ್ಟಿಗೇ ಬಂತು. ಆ ಅಮ್ಮ ಮುಂದಿನ ಸೀಟಲ್ಲಿ ಕೂತಿದ್ದ ಗಂಡನ ಕಡೆ ಕೈ ತೋರಿಸಿ ಮಾತು ಮುಗಿಸಿದ್ರು, "ಪ್ರೊಬೇಷನ್ನಲ್ಲಿ ಇವರಿರ್ತಾರೆ."