ಆಸ್ಪತ್ರೆಗೆ ಸರದಿ ಕಲಿಸಲು ಹೋದದ್ದು

ಸೇವೆ ಮಾಡುವ ಹುಚ್ಚು ಯಾರಿಗೆ ಬೇಕಾದರೂ ಹಿಡಿಯಬಹುದು. ಆದರೆ ಅದು ರಜೆಯಲ್ಲೇ, ಪರದೇಶದಲ್ಲೇ, ಫೋಟೋ ಚೆನ್ನಾಗಿ ಬರುವ ಬಿಸಿಲಿನಲ್ಲೇ ಹಿಡಿದರೆ ಸ್ವಲ್ಪ ಅನುಮಾನ ಪಡುವುದು ಒಳ್ಳೆಯದು. ನನಗೆ ಹಿಡಿದದ್ದು ಆ ಜಾತಿಯದು. ಸ್ವೀಡನ್ನಿನ ಟೋರ್ಸ್‌ಲಾಂಡದಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವವನು ನಾನು. ಜುಲೈ ಬಂತೆಂದರೆ ಸ್ವೀಡನ್ ದೇಶವೇ ಬಾಗಿಲು ಹಾಕಿಕೊಂಡು ರಜೆಗೆ ಹೊರಡುತ್ತದೆ. ಅದಕ್ಕೆ ಮೊದಲು ಫೀಕಾದಲ್ಲಿ, ಅಂದರೆ ದಿನಕ್ಕೆರಡು ಸಲ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಕಡ್ಡಾಯ ವ್ರತದಲ್ಲಿ, ಒಂದೇ ಪ್ರಶ್ನೆ: ರಜೆಗೆ ಏನು? ಒಬ್ಬ ಬೇಸಿಗೆ ಮನೆಗೆ ಬಣ್ಣ ಬಳಿಯುವವನು, ಇನ್ನೊಬ್ಬ ದೋಣಿ ತೊಳೆಯುವವನು. "ಟಾಂಜಾನಿಯಾದಲ್ಲಿ ಸಿಂಹ ನೋಡ್ತೀವಿ" ಎಂದೆ. ಯಾರೂ ಮಿಸುಕಲಿಲ್ಲ. "ಹಾಗೇ ಅಲ್ಲೊಂದು ಆಸ್ಪತ್ರೇಲಿ ಒಂದು ವಾರ ಸೇವೆ" ಎಂದು ಸೇರಿಸಿದೆ. ಯಾರನ್ನೂ ಹೊಗಳದ ನಮ್ಮ ಟೀಮಿನ ಉಲ್ಲಾ ಕೈಯಲ್ಲಿದ್ದ ಬನ್ ತಟ್ಟೆಗಿಟ್ಟು "ವಾಹ್" ಎಂದಳು. ಅಲ್ಲಿಗೆ ಸಿಕ್ಕಿಬಿದ್ದೆ. ಬಂದಮೇಲೆ ಇದೇ ಮೇಜಿನ ಮುಂದೆ ಸಾಧನೆಯ ವರದಿ ಒಪ್ಪಿಸಬೇಕು. ಇಲ್ಲದಿದ್ದರೆ ಮಾನ ಹೋಯಿತೆಂದೇ ಲೆಕ್ಕ.

ನನ್ನ ಹೆಂಡತಿ ಶುಭಾ ಉಡುಪಿಯವಳು. "ಅಲ್ಲ ಮಾರಾಯ್ರೆ, ಮಗನಿಗೆ ಜ್ವರ ಬಂದ್ರೆ ಥರ್ಮಾಮೀಟರ್ ಎಲ್ಲುಂಟು ಅಂತ ನಿಮಗೆ ಗೊತ್ತಿಲ್ಲ. ಅಲ್ಲಿ ಎಂತ ಮಾಡ್ಲಿಕ್ಕೆ ಹೋಗುದು?" ಎಂದಳು.

"ವ್ಯವಸ್ಥೆ ಕಣೇ. ಅಲ್ಲಿ ಬೇಕಾಗಿರೋದು ವ್ಯವಸ್ಥೆ" ಎಂದೆ, ಆ ಆಸ್ಪತ್ರೆಯ ಗೋಡೆಯನ್ನೂ ನೋಡದ ನಾನು.

ಸಿಂಹ ನೋಡಿಯಾದ ಮೇಲೆ ಹೆಂಡತಿ, ಮಗನನ್ನು ಹೋಟೆಲಿನಲ್ಲಿ ಬಿಟ್ಟು ನಾನು ಸೇವೆಗೆ ಹೊರಟೆ. ಸಣ್ಣ ಊರಿನ ಆಸ್ಪತ್ರೆ ಅದು. ಇಬ್ಬರು ಡಾಕ್ಟರು, ಮುಖ್ಯ ನರ್ಸ್ ಸಿಸ್ಟರ್ ನೇಮಾ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಯಕ್ಕೆ ಕಟ್ಟುವ ಬಟ್ಟೆ ಮಡಿಸುವ ಕೆಲಸ ಕೊಟ್ಟರು. ಒಂದು ಗಂಟೆ ಮಡಿಸಿದೆ. ಮಡಿಸುತ್ತಲೇ ಹೊರಗಿನ ಜಗಲಿ ನೋಡಿದೆ. ಅಯ್ಯೋ, ಸಾಲೇ ಇಲ್ಲ! ಉದ್ದದ ಬೆಂಚಿನ ಮೇಲೆ ಜನ ಹರಟೆ ಹೊಡೆಯುತ್ತಾರೆ. ಇದ್ದಕ್ಕಿದ್ದಂತೆ ಯಾರೋ ಒಬ್ಬರು ಎದ್ದು ಒಳಗೆ ಹೋಗುತ್ತಾರೆ. ಹನ್ನೆರಡು ವರ್ಷದಿಂದ ಸ್ವೀಡನ್ನಿನ ಔಷಧಿ ಅಂಗಡಿಯಲ್ಲೂ ನಂಬರ್ ಚೀಟಿ ಹರಿದುಕೊಂಡು ನಿಂತವನು ನಾನು. ನನ್ನೂರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದುದು ಬೇರೆ ಯಾರೋ ಅನ್ನುವಷ್ಟು ಸುಧಾರಿಸಿಬಿಟ್ಟಿದ್ದೇನೆ. ಅಂದು ಸಂಜೆಯೇ ಔಷಧಿಯ ಖಾಲಿ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಒಂದರಿಂದ ಎಂಬತ್ತರವರೆಗೆ ಚೀಟಿ ಬರೆದೆ. ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿ ಕೂತು ಹಂಚಿದೆ. ಸಿಸ್ಟರ್ ವಾರ್ಡಿನಲ್ಲಿದ್ದರು, ಅವರನ್ನು ಕೇಳುವ ಗೋಜಿಗೆ ನಾನು ಹೋಗಲಿಲ್ಲ.

ಹತ್ತು ಗಂಟೆಗೆ ಒಬ್ಬ ಹೆಂಗಸು ಬೆನ್ನಿಗೆ ಮಗು ಕಟ್ಟಿಕೊಂಡು ಬಂದಳು. ಕಾಲೆಲ್ಲ ಧೂಳು. ಮಗುವಿನ ಕಣ್ಣು ಅರ್ಧ ಮುಚ್ಚಿತ್ತು. ಕೈಗೆ ಅರವತ್ತಮೂರನೇ ಚೀಟಿ ಕೊಟ್ಟೆ. ಒಳಗೆ ನಡೆಯುತ್ತಿದ್ದದ್ದು ಹತ್ತೊಂಬತ್ತು. ಬೆಂಚಿನ ಮುದುಕರು ಕೈ ಬೀಸಿ ಏನೋ ಹೇಳಿದರು. ಚೀಟಿ ತೋರಿಸಿ ನಗುತ್ತಾ ತಲೆಯಾಡಿಸಿದೆ. ನಿಯಮ ಅಂದರೆ ನಿಯಮ. ಅಷ್ಟರಲ್ಲಿ ಹೊರಬಂದ ಸಿಸ್ಟರ್ ಮಗುವನ್ನು ನೋಡಿದವರೇ ಬಾಚಿ ಎತ್ತಿಕೊಂಡು ಒಳಗೆ ಓಡಿದರು.

ಒಂದು ಗಂಟೆಯಾದ ಮೇಲೆ ಬಂದು ನನ್ನೆದುರು ನಿಂತರು. "ಮಗು ಉಳಿದುಕೊಳ್ಳುತ್ತೆ. ಇನ್ನೊಂದು ಗಂಟೆ ಕೂರಿಸಿದ್ರೆ ಹೇಳೋಕಾಗ್ತಿರಲಿಲ್ಲ. ಇಲ್ಲಿ ಸರದಿ ಇಲ್ಲ ಅಂದ್ಕೊಂಡ್ರಾ? ಎಲ್ಲಿಂದ ಬಂದೆ, ಏನಾಗಿದೆ ಅಂತ ಬೆಂಚಿನವರು ಒಬ್ಬರನ್ನೊಬ್ಬರು ಕೇಳ್ತಾರೆ. ತುಂಬ ಕಷ್ಟದಲ್ಲಿರೋರು, ದೂರದಿಂದ ಬಂದೋರು ಮೊದಲು. ಅದನ್ನ ನೀವು ಹರಟೆ ಅಂದ್ಕೊಂಡ್ರಿ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚೀಟಿಗಳನ್ನೆಲ್ಲ ಒಲೆಗೆ ಹಾಕಿ, ಬಾಯಿ ಮುಚ್ಚಿಕೊಂಡು ಬಟ್ಟೆ ಮಡಿಸಿದೆ.

ಮೂರನೇ ದಿನ ನನ್ನ ಹೊಟ್ಟೆ ಕೆಟ್ಟಿತು. ಕೆಟ್ಟಿತು ಅಂದರೆ, ವಿವರ ಬೇಡ. ಬೆಂಚಿನ ತುದಿಯಲ್ಲಿ ಹೋಗಿ ಮುದುರಿ ಕೂತೆ. ಪಕ್ಕದಲ್ಲೇ ಅದೇ ತಾಯಿ. ಮಗು ತೊಡೆಯ ಮೇಲೆ ಕೂತು ಬಾಳೆಹಣ್ಣನ್ನು ಮುಖಕ್ಕೆಲ್ಲ ಬಳಿದುಕೊಳ್ಳುತ್ತಿತ್ತು. ಅವಳು ಏನೋ ಕೇಳಿದಳು. "ಎಲ್ಲಿಂದ ಬಂದಿದೀರಿ ಅಂತ ಕೇಳ್ತಿದಾಳೆ" ಎಂದರು ಬಾಗಿಲಲ್ಲಿ ನಿಂತಿದ್ದ ಸಿಸ್ಟರ್.

"ಸ್ವೀಡನ್. ವಿಮಾನದಲ್ಲೇ ಒಂದು ದಿನ" ಎಂದು ನರಳಿದೆ.

ಬೆಂಚಿನಲ್ಲಿ ಗುಸುಗುಸು ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಆ ತಾಯಿ ನನ್ನ ಮೊಣಕೈ ಹಿಡಿದು ಎಬ್ಬಿಸಿ, ಬಾಗಿಲಿನ ಕಡೆ ಕೈ ತೋರಿಸಿದಳು. "ಎಲ್ಲರಿಗಿಂತ ದೂರದವನು ನೀನೇ ಅಂತೆ. ಮೊದಲು ಹೋಗಬೇಕಂತೆ" ಎಂದರು ಸಿಸ್ಟರ್. ನಾನೇನು ಮಾಡಿದೆ ಗೊತ್ತೇ? ಹೋದೆ. ಬಾಯಿಮಾತಿಗೂ "ಬೇಡ, ನೀವು ಹೋಗಿ" ಎನ್ನಲಿಲ್ಲ.

ಆಗಸ್ಟಿನಲ್ಲಿ ಫೀಕಾ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. "ಹೇಳು, ಅಲ್ಲಿ ಏನು ಮಾಡಿದೆ?" ಎಂದಳು ಉಲ್ಲಾ.

"ಸರದಿಯ ವ್ಯವಸ್ಥೆ ತಂದೆ" ಎಂದೆ.

"ಈಗಲೂ ನಡೀತಿದೆಯಾ?"

"ಎಲ್ಲಿ! ಒಂದೇ ದಿನಕ್ಕೆ ಬಿಟ್ಟುಬಿಟ್ಟರು."

ಪಾಪ, ಅಲ್ಲಿನ ಜನಕ್ಕೆ ಇದೆಲ್ಲ ಹೊಸದು, ಕಲಿಯಲು ಕಾಲ ಬೇಕು ಎಂದು ಮೇಜಿನವರೆಲ್ಲ ಮರುಕದಿಂದ ತಲೆಯಾಡಿಸಿದರು. ನಾನೂ ಆಡಿಸಿದೆ.