ಗಿಟಾರಿಗೆ ಕನ್ನಡಕ ಹಾಕಿದ್ದು

ಕನ್ನಡಕದಂಗಡಿಯ ಯಜಮಾನರಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಮದುವೆಯಾಗಿ ಇಪ್ಪತ್ತೈದು ವರ್ಷವಾಗುತ್ತ ಬಂದರೂ ಆಕೆ ಒಮ್ಮೆಯೂ ಕೈ ಖಾಲಿ ಇಟ್ಟುಕೊಂಡು ಅವರ ಮಾತು ಕೇಳಿದವಳಲ್ಲ. ಬಟ್ಟೆ ಮಡಚುತ್ತ ಕೇಳುತ್ತಾಳೆ, ಸೊಪ್ಪು ಬಿಡಿಸುತ್ತ ಕೇಳುತ್ತಾಳೆ, ಆಸ್ಪತ್ರೆಯ ನರ್ಸ್ ಪಾಳಿಗೆ ಹೊರಡುತ್ತ ಬೆನ್ನು ತಿರುಗಿಸಿ ಕೇಳುತ್ತಾಳೆ. (ಕೇಳಿಸಿಕೊಂಡಳು ಎನ್ನುವುದಕ್ಕೆ ಸಾಕ್ಷಿ, ಆಗಾಗ ಬರುವ "ಹೂಂ, ಆಮೇಲೆ?" ಮಾತ್ರ.) ಆದ್ದರಿಂದ ಮದುವೆಗೆ ಇಪ್ಪತ್ತೈದು ತುಂಬುವ ದಿನದ ಸಂಜೆ ತಾವೇ ಕಟ್ಟಿದ ಒಂದು ಟ್ಯೂನನ್ನು ಗಿಟಾರಿನಲ್ಲಿ ನುಡಿಸಬೇಕು, ಆಕೆ ಸೋಫಾದಲ್ಲಿ ಸುಮ್ಮನೆ ಕೂತು ಕಣ್ಣು ಮುಚ್ಚಿ ಎಲ್ಲೋ ತೇಲಿಹೋಗಬೇಕು ಎಂದು ಅವರು ಕನಸು ಕಂಡರು.

ಟ್ಯೂನ್ ಬರೆದಿಡಲು ಮಗಳು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಳು. ಪರದೆಯ ಮೇಲಿನ ಆರು ಗೆರೆಗಳೇ ಗಿಟಾರಿನ ಆರು ತಂತಿಗಳು. ಗೆರೆಯ ಮೇಲಿನ ಅಂಕಿ, ಆ ತಂತಿಯನ್ನು ಗಿಟಾರಿನ ಕತ್ತಿನ ಎಷ್ಟನೆಯ ಮನೆಯಲ್ಲಿ ಒತ್ತಬೇಕೆಂದು ಹೇಳುತ್ತದೆ. ಬರೆಯುವುದು ಒಂದೇ ವಾರದಲ್ಲಿ ಮುಗಿಯಿತು. ಅಷ್ಟರಲ್ಲಿ ಯಜಮಾನರ ಕಣ್ಣಿಗೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ಬಿತ್ತು. ನುಡಿಸುವ ಅಭ್ಯಾಸ ಹಿಂದೆ ಬಿತ್ತು.

ಹಗಲೆಲ್ಲ ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಿಸುವ ಕೈ, ಸಂಜೆ ಮನೆಯಲ್ಲಿ ಸುಮ್ಮನಿದ್ದೀತೇ?

"ಇಲ್ನೋಡೇ, ಅಂಕಿ ಹೀಗಿದ್ರೆ ಚೆನ್ನಾಗಿ ಕಾಣುತ್ತಾ, ಹೀಗಿದ್ರಾ?"

"ಎರಡೂ ಒಂದೇ ಥರ ಇದೆಯಲ್ರೀ."

"ಸರಿಯಾಗಿ ನೋಡು. ಇದಾ... ಇದಾ?"

"ಮೊದಲನೇದು."

"ಮೊದಲನೇದು ಯಾವುದು ಅಂತ ನನಗೇ ಮರೆತುಹೋಯ್ತು. ಇನ್ನೊಂದ್ಸಲ ನೋಡು."

"ನಾನು ಕಣ್ಣು ತೋರಿಸೋಕೆ ಬಂದಿಲ್ಲ, ಕುಕ್ಕರ್ ಇಳಿಸೋಕೆ ಹೊರಟಿದ್ದೀನಿ. ಬಾರಿಸೋಕೆ ಬರುತ್ತಾ? ಮೊದಲು ಅದನ್ನ ಹೇಳಿ."

"ಕಣ್ಣಿಗೆ ಹಿತವಾಗಿದ್ರೆ ಕೈಗೆ ತಾನಾಗೇ ಬರುತ್ತೆ ಕಣೇ!"

ಹಿನ್ನೆಲೆಗೆ ತಿಳಿನೇರಳೆ ಬಣ್ಣ ಬಂತು, ಅಂಕಿಗಳಿಗೆ ಬೆಳದಿಂಗಳ ಬಿಳುಪು. ಗೆರೆಗಳ ನಡುವಿನ ಅಂತರ ಹಿಗ್ಗಿಸಿದಾಗ ಸಂಜೆಯ ಕೆರೆಯಲ್ಲಿ ಸಣ್ಣ ಅಲೆ ಎದ್ದಂತಾಯಿತು. ಯಜಮಾನರು ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದರು. ಇಷ್ಟು ಸುಖ ಅವರಿಗೆ ಯಾವ ಸಂಗೀತದಲ್ಲೂ ಸಿಕ್ಕಿರಲಿಲ್ಲ.

ಒಂದೇ ಒಂದು ಕಿರಿಕಿರಿ. ಪರದೆಯಲ್ಲಿ ಸಣ್ಣ ತಂತಿಯ ಗೆರೆ ಎಲ್ಲಕ್ಕಿಂತ ಮೇಲೆ, ಮಡಿಲ ಗಿಟಾರಿನಲ್ಲಿ ಬಗ್ಗಿ ನೋಡಿದರೆ ದಪ್ಪ ತಂತಿ ಮೇಲೆ. ಗೆರೆಗಳನ್ನು ತಲೆಕೆಳಗು ಮಾಡುವ ಸೆಟ್ಟಿಂಗೂ ಇತ್ತು. ಒತ್ತಿದರು. ಅಂದಿನಿಂದ ಹಾಗೆಯೇ ಓದಿ ನುಡಿಸುವುದು ರೂಢಿಯಾಯಿತು.

ಇಪ್ಪತ್ತೈದು ತುಂಬಿದ ಸಂಜೆ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ದಂಪತಿ ಬಂದು ಕೂತರು. ಹೆಂಡತಿಯೂ ಸೋಫಾದಲ್ಲಿ ಕೂತಳು, ಕೈ ಖಾಲಿ! ಯಜಮಾನರ ಎದೆ ತುಂಬಿಬಂತು. ನೇರಳೆ ಇನ್ನೊಂದು ಚೂರು ಗಾಢವಾಗಿದ್ದರೆ ಎಂದು ಕೈ ಹೋಯಿತು, ಹೋದದ್ದು ಎಲ್ಲವನ್ನೂ ಮೊದಲಿನಂತೆ ಮಾಡುವ ಗುಂಡಿಯ ಮೇಲೆ ಬಿತ್ತು. ಪರದೆ ಬೆಳ್ಳಗಾಯಿತು. ಬೆವರುತ್ತ ಬಣ್ಣ ತಂದರು, ಅಂತರ ತಂದರು. ಗೆರೆಗಳೂ ಮೊದಲಿನ ಕ್ರಮಕ್ಕೆ ಮರಳಿವೆ ಎಂಬುದು ಅವರ ದಿವ್ಯದೃಷ್ಟಿಗೆ ಬೀಳಲಿಲ್ಲ. ನುಡಿಸಲು ಶುರುಮಾಡಿದರು.

ಸಣ್ಣ ತಂತಿ ಮೀಟಬೇಕಾದಲ್ಲಿ ದಪ್ಪ ತಂತಿ ಗುಡುಗಿತು, ದಪ್ಪದ್ದು ಗೊಣಗಬೇಕಾದಲ್ಲಿ ಸಣ್ಣದು ಕಿರುಚಿತು. ಕಿಟಕಿಯಲ್ಲಿದ್ದ ಬೆಕ್ಕು ಎದ್ದು ಹೊರಟಿತು.

ಪೋಸ್ಟ್‌ಮಾಸ್ಟರ್ ಬಹಳ ಮರ್ಯಾದೆಯಿಂದ ಕೇಳಿದರು, "ಇನ್ನೂ ಶ್ರುತಿ ಮಾಡ್ಕೋತಾ ಇದ್ದೀರಲ್ವಾ?"

ಅದನ್ನಾದರೂ ಸಹಿಸಬಹುದಿತ್ತು. ಓರೆಗಣ್ಣಲ್ಲಿ ನೋಡಿದರೆ ಹೆಂಡತಿ ಪಕ್ಕದಲ್ಲಿದ್ದ ಟವೆಲ್ ಎತ್ತಿಕೊಂಡು ಮಡಚುತ್ತಿದ್ದಾಳೆ. ಯಜಮಾನರಿಗೆ ಅಳು ಬರುವುದೊಂದೇ ಬಾಕಿ.

"ಅಪ್ಪಾ, ಗೆರೆ ಮೊದಲಿನ ಥರಾನೇ ಆಗಿದೆ, ನೀವು ಉಲ್ಟಾ ಓದ್ತಿದ್ದೀರಾ!" ಎಂದು ಮಗಳು ಧಾವಿಸಿ ಬಂದು ಗೆರೆಗಳನ್ನು ತಿರುಗಿಸಿದಳು.

ಮತ್ತೆ ಶುರುಮಾಡಿದರು. ಈಗ ಹೊರಟಿತು ನೋಡಿ, ಅವರು ಕಟ್ಟಿದ ನಿಜವಾದ ಟ್ಯೂನ್! ನಿಧಾನವಾಗಿ, ತೊಟ್ಟಿಲು ತೂಗಿದ ಹಾಗೆ, ತಿಳಿನೇರಳೆಯಲ್ಲಿ ಒಂದೊಂದೇ ಅಂಕಿ ಬೆರಳಿಗಿಳಿದು ಕೋಣೆಯಲ್ಲೆಲ್ಲ ಹರಡಿತು. ಹೆಂಡತಿಯ ಕೈ ನಿಂತಿತು. ಟವೆಲ್ ಜಾರಿತು. ಕಣ್ಣು ಮುಚ್ಚಿತು. ಮುಖದ ಮೇಲೆ, ಮದುವೆಯ ಹೊಸದರಲ್ಲಿ ಕಂಡಿದ್ದ ಒಂದು ನಗು ಮೂಡಿತು. ಯಜಮಾನರು ತಾವೇ ಗಾಳಿಯಲ್ಲಿ ತೇಲುತ್ತಿದ್ದರು.

ಆಗ ಒಂದು ಹೊಸ ಸ್ವರ ಕೇಳಿತು. ಅದು ಗಿಟಾರಿನದಲ್ಲ, ಸೋಫಾದ ಕಡೆಯದು. ಹೆಂಡತಿ ಗೊರಕೆ ಹೊಡೆಯುತ್ತಿದ್ದಳು.

ಪೋಸ್ಟ್‌ಮಾಸ್ಟರ್ ದಂಪತಿ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಜಾಗ ಖಾಲಿಮಾಡಿದರು. ಯಜಮಾನರು ಮುಖ ಸಣ್ಣದು ಮಾಡಿಕೊಂಡು ಗಿಟಾರ್ ಕೆಳಗಿಡಲು ಹೋದರು.

"ಯಾಕ್ರೀ ನಿಲ್ಲಿಸಿದ್ರಿ?" ಹೆಂಡತಿ ಕಣ್ಣು ತೆರೆಯದೆಯೇ ಕೇಳಿದಳು. "ಇಂಥ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತು! ಬಾರಿಸಿ, ಬಾರಿಸಿ."

ಯಜಮಾನರು ಮೊದಲಿನಿಂದ ಎತ್ತಿಕೊಂಡರು. ಬೆರಳು ಉರಿಯುತ್ತಿತ್ತು, ಆದರೂ ಒಳಗೆಲ್ಲೋ ಸ್ವಲ್ಪ ಹೆಮ್ಮೆಯೂ ಇತ್ತು.

"ರೀ," ಎಂದಳು ಆಕೆ, ನಿದ್ದೆಯ ಆಳದಿಂದ. "ನಾಳೆಯಿಂದ ನನಗೆ ರಾತ್ರಿ ಪಾಳಿ. ದಿನಾ ಬೆಳಗ್ಗೆ ನಾನು ಬಂದು ಮಲಗೋ ಹೊತ್ತಿಗೆ, ಅಂಗಡಿಗೆ ಬೀಗ ಹಾಕಿ ಬಂದುಬಿಡಿ."